ಮಗ್ಗದ ಸದ್ದು, ನೇಕಾರರ ಕಿವಿ: ವಿದ್ಯುತ್ ಮಗ್ಗದ ಷೆಡ್ಡಿನಲ್ಲಿ ಶ್ರವಣಶಕ್ತಿ ಉಳಿಸಿಕೊಳ್ಳುವ ಬಗೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಕರೆಂಟು ಹೋದದ್ದು ಮೊದಲು ಗೊತ್ತಾಗುವುದು ಕಿವಿಗೆ; ದೀಪ ಆರಿದ್ದನ್ನು ಕಣ್ಣು ಗಮನಿಸುವುದು ಆಮೇಲೆ. ಸಾಲುಮನೆಗಳ ಒಳಗಿಂದ ಬರುತ್ತಿದ್ದ ಖಟಪಟ ಒಮ್ಮೆಲೇ ನಿಂತು, ಕಾಗೆ ಕೂಗುವುದು, ಪಕ್ಕದ ಮನೆಯ ಕುಕ್ಕರ್ ಸೀಟಿ ಹಾಕುವುದು ಕೇಳಿಸತೊಡಗುತ್ತದೆ. ಮಗ್ಗದ ಮುಂದೆ ಇಪ್ಪತ್ತು ವರ್ಷ ನಿಂತವರನ್ನು ಆ ಹೊತ್ತಿನಲ್ಲಿ ಮಾತಾಡಿಸಿ ನೋಡಿ. ಮಗ್ಗ ನಿಂತಿದೆ, ಆದರೆ ಅವರ ಕಿವಿಯೊಳಗಿನ ಸಣ್ಣ ಸಿಳ್ಳೆ ನಿಂತಿರುವುದಿಲ್ಲ. ‘ಅದು ಯಾವಾಗಲೂ ಇರುತ್ತದೆ ಬಿಡಿ’ ಎನ್ನುತ್ತಾರೆ.

ಈ ಬರಹ ಅಂಥ ಷೆಡ್ಡುಗಳ ಮಾಲೀಕರಿಗೆ, ನೇಕಾರರಿಗೆ ಮತ್ತು ಮನೆಯಲ್ಲೇ ಎರಡು ನಾಲ್ಕು ಮಗ್ಗ ಹಾಕಿಕೊಂಡವರಿಗೆ. ರಬಕವಿ–ಬನಹಟ್ಟಿಗೂ ಇದು ಹೊಂದುತ್ತದೆ, ಗದಗ–ಬೆಟಗೇರಿಗೂ ಹೊಂದುತ್ತದೆ. ಮಗ್ಗದ ಜಾಗದಲ್ಲಿ ಪವರ್ ಪ್ರೆಸ್ ಅಥವಾ ಕಲ್ಲು ಕೊಯ್ಯುವ ಯಂತ್ರವಿದ್ದರೂ ಲೆಕ್ಕ ಇದೇ. ಕಿವಿ ರಕ್ಷಣೆ ಎಂದರೆ ಇಯರ್‌ಪ್ಲಗ್ ಹಂಚಿ ರಿಜಿಸ್ಟರಿಗೆ ಸಹಿ ಹಾಕಿಸಿಕೊಳ್ಳುವುದು ಎಂಬ ರೂಢಿ ನಮ್ಮಲ್ಲಿದೆ. ನನ್ನ ಮಟ್ಟಿಗೆ ಈ ಕೆಲಸ ಶುರುವಾಗಬೇಕಾದದ್ದು ಸ್ಪ್ಯಾನರಿನಿಂದ. ಪ್ಲಗ್ಗಿನ ಸರದಿ ಕೊನೆಗೆ.

ಕಿವಿಯೊಳಗೆ ಏನಾಗುತ್ತದೆ

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಸುಮಾರು 15 ಸಾವಿರ ರೋಮಕೋಶಗಳು ಸಾಲಾಗಿ ನಿಂತು, ಶಬ್ದದ ಕಂಪನವನ್ನು ನರಕ್ಕೆ ದಾಟಿಸುತ್ತವೆ. ಜೋರು ಸದ್ದಿಗೆ ಅವು ಬಾಗುತ್ತವೆ, ಒಂದಷ್ಟು ಹೊತ್ತು ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತವೆ. ದಿನವೂ ಅದೇ ಪೆಟ್ಟು ಬಿದ್ದರೆ ಸಾಯುತ್ತವೆ. ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಇದಕ್ಕೆ ಮಾತ್ರೆಯೂ ಇಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ.

ಮೊದಲು ಹೋಗುವುದು 3000ರಿಂದ 6000 ಹರ್ಟ್ಸ್‌ನ ಎತ್ತರದ ಸ್ವರಗಳು. ಶ್ರವಣ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮ್‌ನಲ್ಲಿ 4000 ಹರ್ಟ್ಸ್‌ನ ಹತ್ತಿರ ಗೆರೆ ಹೊಂಡಕ್ಕೆ ಬಿದ್ದಂತೆ ಕೆಳಗಿಳಿದು ಮತ್ತೆ ಮೇಲೇರುತ್ತದೆ. ನಮ್ಮ ಮಾತಿನಲ್ಲಿ ‘ಆ’, ‘ಓ’ಗಳಂಥ ಸ್ವರಗಳು ತಗ್ಗಿನಲ್ಲಿವೆ, ಅವು ಚೆನ್ನಾಗಿ ಕೇಳಿಸುತ್ತಲೇ ಇರುತ್ತವೆ. ‘ಸ’, ‘ಶ’, ‘ಚ’ಗಳಂಥ ವ್ಯಂಜನಗಳು ಎತ್ತರದಲ್ಲಿವೆ, ಅವು ಉದುರುತ್ತವೆ. ಹಾಗಾಗಿ ‘ಕೇಳಿಸುತ್ತದೆ, ಆದರೆ ಬಿಡಿಸಿ ಗೊತ್ತಾಗುವುದಿಲ್ಲ’ ಎಂಬ ದೂರು ಬರುತ್ತದೆ. ಮನೆಯಲ್ಲಿ ಒಬ್ಬರು ನಿಮ್ಮ ಬೆನ್ನ ಹಿಂದೆ ನಿಂತು, ಮೆಲುದನಿಯಲ್ಲಿ ‘ಸಾಲು, ಹಾಲು, ಕಾಲು, ಪಾಲು’ ಎಂಬ ನಾಲ್ಕು ಪದಗಳನ್ನು ಹಿಂದುಮುಂದಾಗಿ ಹೇಳಲಿ. ಬಾಲ ಒಂದೇ, ತಲೆ ಮಾತ್ರ ಬೇರೆ. ಸಾಲು ಎಂದದ್ದು ಹಾಲು ಎಂದು ಕೇಳಿದರೆ ಪರೀಕ್ಷೆಗೆ ಹೋಗುವ ಹೊತ್ತು ಬಂದಿದೆ ಎಂದುಕೊಳ್ಳಿ. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ, ಮನೆಯ ಎಚ್ಚರಿಕೆ ಅಷ್ಟೇ.

ಇಂಗ್ಲೆಂಡಿನ ಲ್ಯಾಂಕಷೈರ್‌ನ ಹತ್ತಿ ಗಿರಣಿಗಳಲ್ಲಿ ನೇಕಾರ ಹೆಂಗಸರು ಮಗ್ಗಗಳ ಅಬ್ಬರದ ನಡುವೆ ತುಟಿಯನ್ನು ಅಗಲಿಸಿ, ಹಿಗ್ಗಿಸಿ, ದನಿಯಿಲ್ಲದೆ ಮಾತಾಡುವ ಭಾಷೆಯನ್ನೇ ಕಟ್ಟಿಕೊಂಡಿದ್ದರು. ನಮ್ಮ ಷೆಡ್ಡುಗಳಲ್ಲಿ ಅದರ ಬದಲು ಕೈಸನ್ನೆ, ಭುಜ ತಟ್ಟುವುದು, ಟಾರ್ಚ್ ಬಿಡುವುದು ಇದೆ. ಸಂಜ್ಞೆ ಬೇಕಾಗುವಷ್ಟು ಸದ್ದಿದೆ ಎಂದರೆ ಅಳೆಯುವ ಉಪಕರಣ ಕೊಳ್ಳುವ ಮುಂಚೆಯೇ ಅರ್ಧ ಉತ್ತರ ಸಿಕ್ಕಂತೆ.

ಹೆಜ್ಜೆ 1: ಅಳೆಯಿರಿ

ಉಪಕರಣವಿಲ್ಲದೆಯೂ ಒಂದು ಅಂದಾಜು ಸಾಧ್ಯ. ಒಂದು ತೋಳಿನಳತೆ ದೂರದಲ್ಲಿ ನಿಂತವರಿಗೆ ಮಾತು ತಲುಪಿಸಲು ದನಿ ಏರಿಸಬೇಕಾದರೆ ಸದ್ದು 85 ಡೆಸಿಬೆಲ್‌ನ (ಡೆಸಿಬೆಲ್ ಎಂದರೆ ಸದ್ದಿನ ಜೋರನ್ನು ಅಳೆಯುವ ಮಾನ) ಆಸುಪಾಸು ಇದೆ. ಕೂಗಲೇಬೇಕಾದರೆ 90 ದಾಟಿದೆ. ಲಾಳಿ (ಹೊಕ್ಕಿನ ನೂಲನ್ನು ಅತ್ತಿಂದಿತ್ತ ಒಯ್ಯುವ ಭಾಗ) ಓಡುವ ಮಗ್ಗದ ಷೆಡ್ಡುಗಳಲ್ಲಿ ಸಾಮಾನ್ಯವಾಗಿ 95ರಿಂದ 105ರ ನಡುವೆ ಬರುತ್ತದೆ.

ಎರಡನೆಯ ಪರೀಕ್ಷೆಗೆ ಟಿವಿ ಸಾಕು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ವಾರ್ತೆ ಹಿತವಾಗಿ ಕೇಳುವಷ್ಟು ವಾಲ್ಯೂಮ್ ಇಟ್ಟು, ಪರದೆಯ ಮೇಲಿನ ಅಂಕಿಯನ್ನು ಬರೆದುಕೊಳ್ಳಿ. ಪಾಳಿ ಮುಗಿಸಿ ಬಂದ ಕೂಡಲೇ ಅದೇ ಅಂಕಿ ಸಾಲದೆನಿಸಿದರೆ ಆ ದಿನ ಕಿವಿ ತಾತ್ಕಾಲಿಕವಾಗಿ ಮಂದವಾಗಿದೆ ಎಂದರ್ಥ. ತಾತ್ಕಾಲಿಕವಾದದ್ದು ದಿನವೂ ಮರುಕಳಿಸಿದರೆ ಶಾಶ್ವತವಾಗುತ್ತದೆ.

ಮೀಟರು ತರುವುದಾದರೆ ಎರಡನೇ ದರ್ಜೆಯ ಶಬ್ದಮಾಪಕ ಸಾಕು. ಎ-ಮಾಪನ (dBA), ನಿಧಾನ ಪ್ರತಿಕ್ರಿಯೆ (Slow) ಎಂಬ ಎರಡು ಹೊಂದಿಕೆ ಮಾಡಿ, ನೇಕಾರರು ನಿಲ್ಲುವ ಜಾಗದಲ್ಲಿ, ಕಿವಿಯ ಎತ್ತರದಲ್ಲಿ ಹಿಡಿಯಿರಿ. ಮೊಬೈಲ್ ಆ್ಯಪ್‌ಗಳಲ್ಲಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯಾಷ್ ಐಫೋನಿಗೆಂದು ಉಚಿತವಾಗಿ ಕೊಡುವ ಆ್ಯಪ್ ನಂಬಿಕೆಗೆ ಅರ್ಹ. ಆಂಡ್ರಾಯ್ಡ್ ಫೋನುಗಳಲ್ಲಿ ಒಂದೊಂದರ ಮೈಕ್ ಒಂದೊಂದು ಬಗೆ. ಆ ಅಂಕಿಯನ್ನು ‘ನಿನ್ನೆಗಿಂತ ಇಂದು’, ‘ಈ ಮಗ್ಗಕ್ಕಿಂತ ಆ ಮಗ್ಗ’ ಎಂದು ಹೋಲಿಸುವುದಕ್ಕೆ ಮಾತ್ರ ಬಳಸಿ.

ಇನ್ನೊಂದು ಅಳತೆ ಇದೆ, ಇದನ್ನು ಮಾಡುವವರು ಕಡಿಮೆ. ವಾರದ ರಜೆಯ ದಿನ ಎಲ್ಲ ಮಗ್ಗಗಳನ್ನು ನಿಲ್ಲಿಸಿ, ಒಂದೊಂದನ್ನೇ ಎರಡು ನಿಮಿಷ ಓಡಿಸಿ, ಅದರ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿ. ಯಾಕೆಂದರೆ ಡೆಸಿಬೆಲ್‌ನ ಕೂಡಿಕೆ ನಮ್ಮ ಮಗ್ಗಿಯಂತಲ್ಲ. ಒಂದೇ ಸಮನಾದ ಎರಡು ಮಗ್ಗ ಸೇರಿದರೆ 3 ಡೆಸಿಬೆಲ್ ಹೆಚ್ಚುತ್ತದೆ, ಹತ್ತು ಸೇರಿದರೆ 10. ಇದನ್ನೇ ತಿರುಗಿಸಿ ನೋಡಿ: ಉಳಿದವುಗಳಿಗಿಂತ 10 ಡೆಸಿಬೆಲ್ ಹೆಚ್ಚು ಕೂಗುವ ಒಂದು ಮಗ್ಗ ಹತ್ತು ಮಗ್ಗಗಳಿಗೆ ಸಮ. ಇಪ್ಪತ್ತರಲ್ಲಿ ಯಾವುದೋ ಎರಡು ಮೂರು ಹೀಗೆ ಕೆಟ್ಟಿದ್ದರೆ, ಫಿಟ್ಟರ್ ಮೊದಲು ಕೈ ಹಚ್ಚಬೇಕಾದದ್ದು ಅವುಗಳಿಗೆ.

ಹೆಜ್ಜೆ 2: ದಿನದ ಪ್ರಮಾಣ ಲೆಕ್ಕ ಹಾಕಿ

ನಮ್ಮ ಕಾರ್ಖಾನೆಗಳಿಗೆ ಅನ್ವಯಿಸುತ್ತ ಬಂದಿರುವ ಮಿತಿ 8 ಗಂಟೆಗೆ 90 ಡೆಸಿಬೆಲ್. ಅಲ್ಲಿಂದ ಪ್ರತಿ 5 ಡೆಸಿಬೆಲ್ ಏರಿಕೆಗೆ ಸಮಯ ಅರ್ಧ: 95ಕ್ಕೆ 4 ಗಂಟೆ, 100ಕ್ಕೆ 2 ಗಂಟೆ, 105ಕ್ಕೆ 1 ಗಂಟೆ. 115 ದಾಟಿದ ಕಡೆ ಕಿವಿಗೆ ರಕ್ಷಣೆಯಿಲ್ಲದೆ ಒಂದು ಕ್ಷಣವೂ ನಿಲ್ಲುವಂತಿಲ್ಲ. ನಿಯಾಷ್‌ನ ಶಿಫಾರಸು ಇದಕ್ಕಿಂತ ಬಿಗಿ: 8 ಗಂಟೆಗೆ 85, ಮತ್ತು ಪ್ರತಿ 3 ಡೆಸಿಬೆಲ್‌ಗೇ ಸಮಯ ಅರ್ಧ. ಅದರ ಪ್ರಕಾರ 100 ಡೆಸಿಬೆಲ್‌ನಲ್ಲಿ ಇರಬಹುದಾದದ್ದು ಕಾಲು ಗಂಟೆ.

ಒಬ್ಬ ನೇಕಾರ 100 ಡೆಸಿಬೆಲ್‌ನ ಷೆಡ್ಡಿನಲ್ಲಿ 6 ಗಂಟೆ, ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತುವ ಕೋಣೆಯಲ್ಲಿ 90 ಡೆಸಿಬೆಲ್‌ಗೆ 2 ಗಂಟೆ ಇದ್ದಾನೆ ಎನ್ನಿ. ಇದ್ದ ಸಮಯವನ್ನು ಇರಬಹುದಾದ ಸಮಯದಿಂದ ಭಾಗಿಸಿ ಕೂಡಿಸಬೇಕು. 6 ಭಾಗಿಸು 2, ಅಂದರೆ 3. 2 ಭಾಗಿಸು 8, ಅಂದರೆ ಕಾಲು. ಒಟ್ಟು ಮೂರೂಕಾಲು. ಅಂದರೆ ನಮ್ಮ ಮಿತಿಯ ಮೂರೂಕಾಲು ಪಟ್ಟು. ನಿಯಾಷ್ ಲೆಕ್ಕದಲ್ಲಿ ಇದೇ ದಿನ ಸುಮಾರು 25 ಪಟ್ಟು ಆಗುತ್ತದೆ. ನೀವು ಯಾವುದನ್ನು ಹಿಡಿಯಬೇಕು? ಮೊದಲನೆಯದು ತಪಾಸಣೆಯ ಅಧಿಕಾರಿ ಬಂದಾಗ ಬೇಕಾಗುವ ಅಂಕಿ. ಕಿವಿ ಉಳಿಯಬೇಕಾದರೆ ಎರಡನೆಯದನ್ನೇ ಹಿಡಿಯಿರಿ ಎನ್ನುತ್ತೇನೆ.

12 ಗಂಟೆಯ ಪಾಳಿ ನಡೆಸುವವರು 90ರ ಮಿತಿಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಅದೇ ಲೆಕ್ಕಕ್ಕೆ 12 ಗಂಟೆಗೆ ಅದು 87ಕ್ಕೆ ಇಳಿಯುತ್ತದೆ.

ಹೆಜ್ಜೆ 3: ಮಗ್ಗಕ್ಕೆ ಸ್ಪ್ಯಾನರ್ ಹಾಕಿ

ಲಾಳಿ ಮಗ್ಗದ ಸದ್ದಿನ ದೊಡ್ಡ ಪಾಲು ಎರಡು ಪೆಟ್ಟಿನಿಂದ ಬರುತ್ತದೆ. ಪಿಕರ್ ಲಾಳಿಯನ್ನು ಹೊಡೆದು ಎಸೆಯುವುದು ಒಂದು; ಆಚೆ ಬದಿಯ ಪೆಟ್ಟಿಗೆಯಲ್ಲಿ ಲಾಳಿ ಬಡಿದು ನಿಲ್ಲುವುದು ಇನ್ನೊಂದು. ಇದು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ನಡೆಯುತ್ತದೆ. ಹೊಕ್ಕಿನ ಎಳೆಯನ್ನು ಒತ್ತುವ ಹಣಿಗೆಯ ಬಡಿತ, ಸವೆದ ಹಲ್ಲುಚಕ್ರ, ಸಡಿಲ ಬುಷ್, ನಡುಗುವ ತಗಡಿನ ಮುಚ್ಚಳ ಇವೆಲ್ಲ ಆಮೇಲಿನವು.

ಮೊದಲು ಲಾಳಿಯ ಓಟ ನೋಡಿ. ಎಸೆತ ಬೇಕಾದ್ದಕ್ಕಿಂತ ಜೋರಾಗಿದ್ದರೆ ಲಾಳಿ ಆಚೆ ಪೆಟ್ಟಿಗೆಗೆ ಅಪ್ಪಳಿಸಿ ಬೆರಳಗಲ ಹಿಂದಕ್ಕೆ ಪುಟಿಯುತ್ತದೆ. ಪುಟಿದ ಲಾಳಿಯೊಳಗೆ ಕಂಡಿಕೆ ಕುಸಿದು ನೂಲು ಕಡಿಯುತ್ತದೆ, ಮುಂದಿನ ಎಸೆತ ಓರೆಯಾಗುತ್ತದೆ. ಸೀರೆಯ ಅಂಚಿನಲ್ಲಿ ತೊಂದರೆ ಕಂಡಾಗ ಹುಡುಕುವ ಕಾರಣವೂ ಇದೇ, ಕಿವಿಗೆ ಬೀಳುವ ಪೆಟ್ಟಿನ ಕಾರಣವೂ ಇದೇ. ಎಸೆತದ ಬಲವನ್ನು ಲಾಳಿ ಪೆಟ್ಟಿಗೆಯೊಳಗೆ ಮೆತ್ತಗೆ ಕೂರುವಷ್ಟಕ್ಕೆ ಇಳಿಸಿ, ಹೊತ್ತನ್ನೂ ಸರಿಪಡಿಸಿ. ಪೆಟ್ಟಿಗೆಯ ತಡೆಪಟ್ಟಿ ಸವೆದಿದ್ದರೆ ಬದಲಿಸಿ. ಪಿಕರ್ ಗಟ್ಟಿಯಾಗಿ ಕಲ್ಲಾಗಿದ್ದರೆ, ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ; ಬಫರ್‌ಗೆ ಮೆತ್ತನೆಯ ಪಾಲಿಯುರಿಥೇನ್ ಸಿಗುತ್ತದೆ.

ಆಮೇಲೆ ಬೋಲ್ಟುಗಳು. ಮಗ್ಗ ಓಡುತ್ತಿರುವಾಗ ಮುಚ್ಚಳದ ತಗಡನ್ನು ಹೊರಗಿನಿಂದ ಅಂಗೈಯಲ್ಲಿ ಒತ್ತಿ ನೋಡಿ, ತಿರುಗುವ ಭಾಗದ ಹತ್ತಿರ ಮಾತ್ರ ಕೈ ಬೇಡ. ಒತ್ತಿದಾಗ ಸದ್ದು ಬದಲಾದರೆ ಆ ತಗಡೇ ತಮಟೆಯಾಗಿದೆ. ಒಳಮೈಗೆ ದಪ್ಪ ರಬ್ಬರ್ ಹಾಳೆ ಅಂಟಿಸಿದರೆ ಅದು ಬಾಯಿ ಮುಚ್ಚುತ್ತದೆ. ಗೇರಿಗೆ ಗ್ರೀಸ್, ಬೇರಿಂಗಿಗೆ ಎಣ್ಣೆ ಹೊತ್ತಿಗೆ ಸರಿಯಾಗಿ ಬೀಳಲಿ.

ಮಗ್ಗದ ಕಾಲಿನ ಕೆಳಗೆ ರಬ್ಬರ್ ಮೆತ್ತೆ ಹಾಕಿಸಿ ಎಂದು ಎಲ್ಲರೂ ಹೇಳುತ್ತಾರೆ. ಹಾಕಿಸಿ, ಆದರೆ ಅದರಿಂದ ಏನು ಸಿಗುತ್ತದೆಂದು ತಿಳಿದಿರಲಿ: ನೆಲದ ನಡುಕ ತಗ್ಗುತ್ತದೆ, ಪಕ್ಕದ ಮನೆಯವರ ಜಗಳ ತಗ್ಗುತ್ತದೆ. ಗಾಳಿಯಲ್ಲಿ ಬಂದು ನೇಕಾರರ ಕಿವಿಗೆ ಬಡಿಯುವ ಸದ್ದು ಅಷ್ಟೇನೂ ಇಳಿಯುವುದಿಲ್ಲ.

ಲಾಳಿಯಿಲ್ಲದ ರೇಪಿಯರ್ ಮಗ್ಗಕ್ಕೆ ಹೋಗುವವರಿಗೆ ಸದ್ದು ಕಡಿಮೆಯಾಗುವುದು ನಿಜ. ಆದರೆ ಅದೂ ಮೌನದ ಯಂತ್ರವಲ್ಲ. ವೇಗ ಹೆಚ್ಚಿಸಿದಷ್ಟೂ ಅಂಕಿ ಏರುತ್ತದೆ. ಕೊಳ್ಳುವಾಗ ಮಾರುವವರ ಬಳಿ ನಿಮಿಷಕ್ಕೆ ಎಷ್ಟು ಹೊಕ್ಕು ಎಂದು ಕೇಳುವ ಹಾಗೆ, ನೇಕಾರ ನಿಲ್ಲುವಲ್ಲಿ ಎಷ್ಟು ಡೆಸಿಬೆಲ್ ಎಂದೂ ಬರವಣಿಗೆಯಲ್ಲಿ ಕೇಳಿ.

ನೂಲಿನ ಧೂಳು ಹಾರಿಸಲು ಗಾಳಿಯ ಗನ್ ಬಳಸುವವರು ಅದನ್ನೂ ಅಳೆದು ನೋಡಿ. ಎಷ್ಟೋ ಕಡೆ ಮಗ್ಗದಷ್ಟೇ ಸದ್ದು ಅದರದ್ದೂ ಇರುತ್ತದೆ. ಬ್ರಷ್ ಅಥವಾ ವ್ಯಾಕ್ಯೂಮ್ ಬಳಸಿದರೆ ಕಿವಿಯೂ ಉಳಿಯುತ್ತದೆ, ಧೂಳು ಎದೆಗೂ ಹೋಗುವುದಿಲ್ಲ.

ಹೆಜ್ಜೆ 4: ಷೆಡ್ಡು ಮತ್ತು ಸಮಯ

ತಗಡಿನ ಸೂರು, ಸಿಮೆಂಟಿನ ನೆಲ, ಗಾರೆಯ ಗೋಡೆ ಸದ್ದನ್ನು ಹಿಂದಿರುಗಿಸಿ ಎಸೆಯುತ್ತವೆ. ಸೂರಿನ ಕೆಳಗೆ ಸದ್ದು ಹೀರುವ ಹಲಗೆಗಳನ್ನು ತೂಗುಹಾಕಿದರೆ ಷೆಡ್ಡಿನ ಒಟ್ಟು ಅಬ್ಬರ ಕೆಲವು ಡೆಸಿಬೆಲ್ ಇಳಿಯುತ್ತದೆ. ತನ್ನ ಮಗ್ಗಕ್ಕೆ ಎರಡಡಿ ದೂರದಲ್ಲಿ ನಿಂತವನಿಗೆ ಅದರ ಲಾಭ ಕಡಿಮೆ. ಅವನ ಕಿವಿಗೆ ಪೆಟ್ಟು ನೇರವಾಗಿಯೇ ಬರುತ್ತದೆ. ಹಲಗೆ ಆರಿಸುವಾಗ ಬೆಂಕಿಯನ್ನು ಮರೆಯಬೇಡಿ. ಹತ್ತಿಯ ಧೂಳು ಕೂರುವ ಜಾಗದಲ್ಲಿ ಮೊಟ್ಟೆಯ ಟ್ರೇ, ಥರ್ಮಾಕೋಲ್, ಸ್ಪಂಜು ಅಂಟಿಸುವುದು ಕಿವಿ ಉಳಿಸಲು ಹೋಗಿ ಮನೆ ಸುಟ್ಟುಕೊಂಡಂತೆ.

ಇದಕ್ಕಿಂತ ಅಗ್ಗವಾದದ್ದು ಗೋಡೆ. ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಸೀರೆ ಮಡಿಸುವುದು ಮಗ್ಗದ ಕೋಣೆಯಲ್ಲೇ ನಡೆಯುತ್ತಿದ್ದರೆ ಅವನ್ನು ಇಟ್ಟಿಗೆ ಗೋಡೆಯ ಆಚೆಗೆ ಕಳಿಸಿ. ಬಾಗಿಲು ಮುಚ್ಚುವಂತಿರಲಿ, ಸಂದಿಯಿದ್ದರೆ ಗೋಡೆ ಕಟ್ಟಿದ್ದು ಅರ್ಧ ವ್ಯರ್ಥ. ಆ ಕೆಲಸ ಮಾಡುವವರು ಬಹುಪಾಲು ಹೆಂಗಸರು ಮತ್ತು ವಯಸ್ಸಾದವರು. ಮಗ್ಗ ನಡೆಸದೆಯೇ ಮಗ್ಗದ ಸದ್ದು ತಿನ್ನುತ್ತಿರುವವರು ಅವರು.

ಚಹಾ ಕುಡಿಯುವುದು ಷೆಡ್ಡಿನ ಹೊರಗೆ. ಲಾಳಿಗೆ ಕಣ್ಣು ನೆಟ್ಟುಕೊಂಡು ಮಗ್ಗದ ಪಕ್ಕದಲ್ಲೇ ಲೋಟ ಹಿಡಿದು ನಿಂತರೆ ಕಿವಿಯ ಪಾಲಿಗೆ ಅದು ವಿರಾಮವಲ್ಲ.

ಮನೆಯೊಳಗೇ ಮಗ್ಗವಿದ್ದರೆ ಮಕ್ಕಳು ಓದುವ, ಮಲಗುವ ಜಾಗ ಗೋಡೆಯ ಆಚೆಗಿರಲಿ. ಗರ್ಭಿಣಿಯರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು: ಸುಮಾರು 20 ವಾರಗಳ ಹೊತ್ತಿಗೆ ಹೊಟ್ಟೆಯ ಮಗುವಿನ ಕಿವಿ ಬಹುಮಟ್ಟಿಗೆ ರೂಪುಗೊಂಡಿರುತ್ತದೆ, ತಾಯಿ ಹಾಕಿಕೊಂಡ ಪ್ಲಗ್ ಮಗುವನ್ನು ಕಾಯುವುದಿಲ್ಲ. ಅವರು ಮಗ್ಗದಿಂದ ದೂರ ಇರುವುದೊಂದೇ ದಾರಿ.

ಹೆಜ್ಜೆ 5: ಇಯರ್‌ಪ್ಲಗ್, ಸರಿಯಾಗಿ

ಹತ್ತಿಯ ಉಂಡೆ ತುರುಕಿಕೊಳ್ಳುವುದು ಬಿಡಿ. ಅದು ಸದ್ದನ್ನು ಹೆಸರಿಗೆ ಮಾತ್ರ ತಡೆಯುತ್ತದೆ. ಇಯರ್‌ಫೋನಿನಲ್ಲಿ ಹಾಡು ಹಾಕಿಕೊಳ್ಳುವುದು ಅದಕ್ಕಿಂತ ಕೆಟ್ಟದ್ದು. ಮಗ್ಗವನ್ನು ಮೀರಿ ಹಾಡು ಕೇಳಿಸಬೇಕಾದರೆ ವಾಲ್ಯೂಮ್ ಮಗ್ಗಕ್ಕಿಂತ ಮೇಲಿರಲೇಬೇಕಲ್ಲ.

ಮೆತ್ತನೆಯ ಫೋಮ್ ಪ್ಲಗ್ ಒಂದು ಜೊತೆಗೆ ಒಂದು ಲೋಟ ಚಹಾದಷ್ಟು ಬೆಲೆ. ಹಾಕುವ ಕ್ರಮ ಹೀಗೆ. ಕೈಯ ಎಣ್ಣೆ, ಗ್ರೀಸ್ ಹೋಗುವಂತೆ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಪ್ಲಗ್ಗನ್ನು ಬೆರಳುಗಳ ನಡುವೆ ಹೂಬತ್ತಿ ಹೊಸೆದಂತೆ ಹೊಸೆಯಿರಿ, ಸುಕ್ಕಿಲ್ಲದೆ ತೆಳುವಾಗುವ ತನಕ. ಬಲಗಿವಿಗೆ ಹಾಕುವುದಾದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯ ಮೇಲ್ತುದಿ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಡೊಂಕಾದ ಕಿವಿಯ ಓಣಿ ನೇರವಾಗುವುದು ಇದರಿಂದಲೇ. ಪ್ಲಗ್ ಒಳಗೆ ಸೇರಿಸಿ, ಬೆರಳಿನಿಂದ ಒತ್ತಿ ಹಿಡಿದು ಮನಸ್ಸಿನಲ್ಲಿ ಮೂವತ್ತು ಎಣಿಸಿ. ಫೋಮ್ ನಿಧಾನಕ್ಕೆ ಅರಳಿ ಓಣಿಯನ್ನು ತುಂಬುತ್ತದೆ. ಎದುರಿನಿಂದ ನೋಡಿದವರಿಗೆ ಪ್ಲಗ್ ಹೊರಗೆ ಚಾಚಿಕೊಂಡು ಕಂಡರೆ ಒಳಗೆ ಹೋಗಿಲ್ಲ, ತೆಗೆದು ಮತ್ತೆ ಹಾಕಿ. ಸರಿಯಾಗಿದೆಯೇ ನೋಡಲು ಮಗ್ಗದ ಮುಂದೆ ನಿಂತು ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ತೆಗೆಯಿರಿ. ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾದರೆ ಪ್ಲಗ್ ಸೋರುತ್ತಿದೆ. ತೆಗೆಯುವಾಗ ಸರಕ್ಕನೆ ಎಳೆಯದೆ ತಿರುಚುತ್ತ ತೆಗೆಯಿರಿ.

ಪ್ಲಗ್ ಎಷ್ಟು ಡೆಸಿಬೆಲ್ ತಡೆಯುತ್ತದೆಂದು ಹೇಳುವ, ಪೊಟ್ಟಣದ ಮೇಲಿನ ಎನ್‌ಆರ್‌ಆರ್ (NRR) ಅಂಕಿಯನ್ನು ನಂಬಿ ಕೂರಬೇಡಿ, ಅದು ಪ್ರಯೋಗಾಲಯದ ಅಂಕಿ. ಅಮೆರಿಕದಲ್ಲಿ ಬಳಕೆಯಲ್ಲಿರುವ ಎಚ್ಚರಿಕೆಯ ಲೆಕ್ಕ ಇದು: ಆ ಅಂಕಿಯಿಂದ 7 ಕಳೆದು ಅರ್ಧ ಮಾಡಿ. 29 ಎಂದು ಬರೆದಿದ್ದರೆ ಸಿಗುವುದು 11. 100ರ ಷೆಡ್ಡಿನಲ್ಲಿ ಕಿವಿಗೆ ಬೀಳುವುದು 89. ಅಂದರೆ ಮೂರನೇ ಹೆಜ್ಜೆಯಲ್ಲಿ ಸ್ಪ್ಯಾನರಿನಿಂದ ಇಳಿಸಿದ ನಾಲ್ಕೈದು ಡೆಸಿಬೆಲ್ ಇಲ್ಲದೆ ಈ ಪ್ಲಗ್ ಒಂದೇ ನಿಮ್ಮನ್ನು 85ಕ್ಕೆ ತಲುಪಿಸದು. ಪ್ಲಗ್ಗಿನ ಮೇಲೆ ಇಯರ್‌ಮಫ್ ಕೂಡ ಹಾಕಿದರೆ ಸುಮಾರು 5 ಡೆಸಿಬೆಲ್ ಹೆಚ್ಚುವರಿ ಸಿಗುತ್ತದೆ. ಎರಡರ ಅಂಕಿ ಕೂಡಿಸಿ ಸಂತೋಷಪಡುವಂತಿಲ್ಲ.

ಅಂಕಿಗಿಂತ ದೊಡ್ಡದು ಹಾಕಿಕೊಂಡಿರುವ ಹೊತ್ತು. 30 ಡೆಸಿಬೆಲ್ ತಡೆಯುವ ಪ್ಲಗ್ಗನ್ನು ಎಂಟು ಗಂಟೆಯಲ್ಲಿ ಬರೀ ಅರ್ಧ ಗಂಟೆ ತೆಗೆದಿಟ್ಟರೆ ಇಡೀ ದಿನದ ಮೇಲೆ ಅದು 12 ಡೆಸಿಬೆಲ್‌ನ ಪ್ಲಗ್ ಆಗಿಬಿಡುತ್ತದೆ. ನಾಲ್ಕು ಗಂಟೆ ತೆಗೆದಿಟ್ಟರೆ ಉಳಿಯುವ ರಕ್ಷಣೆ 3. ಹಾಗಾಗಿ ಅತಿ ಹೆಚ್ಚು ತಡೆಯುವ ಪ್ಲಗ್ ಹುಡುಕುವುದಕ್ಕಿಂತ ದಿನವಿಡೀ ತೆಗೆಯಬೇಕೆನಿಸದ ಪ್ಲಗ್ ಹುಡುಕಿ. ಎರಡು ಮೂರು ಬಗೆ ತರಿಸಿ ನೇಕಾರರೇ ಆರಿಸಿಕೊಳ್ಳಲಿ.

‘ಪ್ಲಗ್ ಹಾಕಿದರೆ ನೂಲು ಕಡಿದದ್ದು ಗೊತ್ತಾಗುವುದಿಲ್ಲ’ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಅನುಭವಿ ನೇಕಾರರು ಮಗ್ಗದ ಲಯ ತಪ್ಪಿದ್ದನ್ನು ಕಿವಿಯಿಂದಲೇ ಹಿಡಿಯುತ್ತಾರೆ. ಕಿವಿ ಚೆನ್ನಾಗಿರುವವರಿಗೆ ಒಂದೆರಡು ವಾರದಲ್ಲಿ ಹೊಸ ಸದ್ದು ರೂಢಿಯಾಗುತ್ತದೆ, ಲಯ ಮತ್ತೆ ಸಿಗುತ್ತದೆ. ಈಗಾಗಲೇ ಕಿವಿ ಮಂದವಾದವರಿಗೆ ಮಾತ್ರ ತೊಂದರೆ ನಿಜ. ಅಂಥವರಿಗೆ ತಡೆ ಕಡಿಮೆಯಿರುವ ಪ್ಲಗ್ ಕೊಡಿ. ಕಿವಿಗೆ 75ರಿಂದ 80ರ ನಡುವೆ ಬೀಳುವಂತಿದ್ದರೆ ಚೆನ್ನ. 70ಕ್ಕಿಂತ ಕೆಳಗಿಳಿಸಿದರೆ ಕರೆದದ್ದೂ ಕೇಳಿಸದೆ ಬೇರೆ ಅಪಾಯ ಬರುತ್ತದೆ.

ಫೋಮ್ ಕೊಳೆಯಾದರೆ, ಹೊಸೆದಾಗ ಮತ್ತೆ ಅರಳದಿದ್ದರೆ ಎಸೆಯಿರಿ. ಸಿಲಿಕಾನ್ ಪ್ಲಗ್ ದಿನವೂ ಸೋಪಿನಲ್ಲಿ ತೊಳೆದು ಒಣಗಿಸಿ ಡಬ್ಬಿಯಲ್ಲಿಡಿ. ಕಿವಿ ಸೋರುವವರು, ಕಿವಿನೋವಿರುವವರು ಪ್ಲಗ್ ಹಾಕದೆ ಇಯರ್‌ಮಫ್ ಬಳಸಿ, ವೈದ್ಯರನ್ನು ನೋಡಬೇಕು.

ಹೆಜ್ಜೆ 6: ಪರೀಕ್ಷೆ ಮತ್ತು ಕಾಗದ

ಕೆಲಸಕ್ಕೆ ಸೇರುವಾಗ ಒಂದು, ಆಮೇಲೆ ವರ್ಷಕ್ಕೊಂದು ಆಡಿಯೋಮೆಟ್ರಿ, ಅಂದರೆ ಶ್ರವಣ ಪರೀಕ್ಷೆ ಆಗಬೇಕು. ಮೊದಲ ಪರೀಕ್ಷೆಗೆ ಮುಂಚೆ ಕನಿಷ್ಠ 14 ಗಂಟೆ ಮಗ್ಗದ ಸದ್ದಿನಿಂದ ದೂರ ಇರಿ, ಅಂದರೆ ರಜೆಯ ಮರುದಿನ ಬೆಳಿಗ್ಗೆ ಪಾಳಿಗೆ ಮೊದಲೇ ಹೋಗುವುದು ಒಳ್ಳೆಯದು. ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು 2000, 3000, 4000 ಹರ್ಟ್ಸ್‌ನ ಅಂಕಿಗಳನ್ನು ನೋಡಿ. ಯಾವುದೇ ಕಿವಿಯಲ್ಲಿ ಈ ಮೂರರ ಸರಾಸರಿ 10 ಡೆಸಿಬೆಲ್‌ನಷ್ಟು ಕೆಟ್ಟಿದ್ದರೆ ಆ ನೇಕಾರರ ಮಗ್ಗ, ಜಾಗ, ಪ್ಲಗ್ ಮೂರನ್ನೂ ಮರುಪರಿಶೀಲಿಸಬೇಕು.

ಪರೀಕ್ಷೆಯ ಸೌಲಭ್ಯ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದರಲ್ಲಿ ದೇಶಕ್ಕೇ ಹೆಸರುವಾಸಿ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ತೆಗೆದುಕೊಂಡಿದ್ದರೆ, ಜೆಂಟಾಮೈಸಿನ್ ಪಡೆದಿದ್ದರೆ ತಪ್ಪದೆ ಹೇಳಿ. ಇವೂ ಒಳಕಿವಿಗೆ ಹಾನಿ ಮಾಡಬಲ್ಲ ಔಷಧಗಳು.

ಶಬ್ದದಿಂದಾದ ಕಿವುಡುತನ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಪರಿಶಿಷ್ಟದಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಾಗಿತ್ತು; 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಹಾಗೆಯೇ ಇದೆ. 1923ರ ನೌಕರರ ಪರಿಹಾರ ಕಾಯ್ದೆ ಮತ್ತು ಕಾರ್ಮಿಕರ ವಿಮೆಯ ಇಎಸ್‌ಐ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲೂ ಅದು ಇತ್ತು; ಈಗ ಆ ಎರಡರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ತೊಡಕಿರುವುದು ಬೇರೆ ಕಡೆ. ಯಂತ್ರ ಬಳಸುವ ಜಾಗ ಕಾರ್ಖಾನೆ ಎನಿಸಿಕೊಳ್ಳಲು ಹಳೆಯ ಕಾಯ್ದೆಯಲ್ಲಿ 10 ಜನ ಕೆಲಸಗಾರರು ಬೇಕಿತ್ತು, ಹೊಸ ಸಂಹಿತೆಯಲ್ಲಿ 20 ಜನ. ಆರು ಮಗ್ಗ, ನಾಲ್ಕು ಜನರ ಷೆಡ್ಡಿಗೆ ಯಾವ ತಪಾಸಣೆಯ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ಮಾಲೀಕ ಮತ್ತು ನೇಕಾರ ಕೂತು ಮಾತಾಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಪರಿಹಾರ ಕೇಳುವ ದಿನ ಬಂದರೆ ಮೊದಲು ಕೇಳುವ ಪ್ರಶ್ನೆ, ಸೇರುವಾಗ ನಿಮ್ಮ ಕಿವಿ ಹೇಗಿತ್ತು ಎಂಬುದು. ಹಾಗಾಗಿ ಮೊದಲ ಆಡಿಯೋಗ್ರಾಮ್‌ನ ಕಾಗದ ಷೆಡ್ಡಿನ ಫೈಲಿನಲ್ಲಿ ಮಾತ್ರ ಇರಬಾರದು, ನೇಕಾರರ ಮನೆಯಲ್ಲೂ ಒಂದು ಪ್ರತಿ ಇರಬೇಕು. ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಅದನ್ನೂ ಇಡಿ. ಕೆಲವು ಯಂತ್ರಗಳು ಬಸ್ ಟಿಕೆಟಿನಂಥ ಶಾಖದ ಕಾಗದದ ಮೇಲೆ ಮುದ್ರಿಸುತ್ತವೆ, ಅದು ಒಂದೆರಡು ವರ್ಷದಲ್ಲಿ ಮಾಸಿ ಬಿಳಿಯಾಗುತ್ತದೆ. ಆಸ್ಪತ್ರೆಯಿಂದ ಬರುವ ದಾರಿಯಲ್ಲೇ ಒಂದು ಜೆರಾಕ್ಸ್ ತೆಗೆಸಿಕೊಳ್ಳಿ.